ಕುಡಗೋಲಿಗೆ ಹತ್ತಿದ ತಾಮ್ರ

ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಬಳ್ಳಿಗಳು ಎಳೆ ಚಿಗುರು ಬಿಟ್ಟ ಹೊತ್ತು. ಟಿಕೋಟಾ ತಾಲ್ಲೂಕಿನ ಕಳ್ಳಕವಟಗಿಯಲ್ಲಿ ಒಂದು ದ್ರಾಕ್ಷಿ ತೋಟ. ವಿಜಯಪುರದ ಡಿಪ್ಲೊಮಾ ಕಾಲೇಜೊಂದರಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ಅಣ್ಣನ ಮಗಳು ರಜೆಗೆಂದು ಊರಿಗೆ ಬಂದಿದ್ದಾಳೆ. ಕಾಕಾ ಔಷಧಿ ಕಲಸುವ ಪ್ಲಾಸ್ಟಿಕ್ ಬ್ಯಾರೆಲ್‌ಗಳ ನಡುವೆ ನಿಂತಿದ್ದಾರೆ.

ಕಾಕಾ: ಆ ಬಾಟ್ಲಿ ಅಲ್ಲಿ ಇಡಬ್ಯಾಡವಾ. ಆಳ ಮಕ್ಕಳು ನೀರಂತ ಎತ್ಕೊಂಡಾರು. ಏನೈತಿ ಅದರಾಗ?

ಮಗಳು: ನಮ್ಮ ಕ್ಲಾಸಿನ ಹೊಲಸ ನೀರು ಕಾಕಾ. ಮುಚ್ಚಳ ಬಿಗಿ ಮಾಡೇನಿ, ವಿಷ ಅಂತ ಚೀಟೀನೂ ಹಚ್ಚೇನಿ. ನಿಮಗ ತೋರಸಾಕಂತನ ಇಷ್ಟ ತಂದೀನಿ. ಹುಡುಗ್ರು ಪಿಸಿಬಿ ಎಚಿಂಗ್ ಮಾಡಿದ ಮ್ಯಾಲ ಉಳಿದದ್ದು.

ಕಾಕಾ: ತಿಳಿಯೋ ಹಂಗ ಹೇಳು.

ಮಗಳು: ನಿಮ್ಮ ಬೋರಿನ ಆಟೋ ಸ್ಟಾರ್ಟರ್ ಡಬ್ಬಿ ಬಿಚ್ಚಿದ್ರ ಒಳಗ ಹಸರು ಹಲಗಿ ಕಾಣ್ತೈತಲ್ಲ, ಅದರ ಮ್ಯಾಲ ಸಣ್ಣ ಸಣ್ಣ ಗೀರು ಹರದಾಡಿರ್ತಾವ. ಆ ಗೀರೆಲ್ಲ ತಾಮ್ರ. ಕರೆಂಟ್ ಹರಿಯೋ ಕಾಲುವಿ ಅವು. ಅಂಗಡ್ಯಾಗ ಹಲಗಿ ಕೊಂಡಾಗ ಒಂದ ಮೈ ಪೂರ್ತಿ ತಾಮ್ರದ ಹಾಳಿ ಅಂಟಿರ್ತೈತಿ, 35 ಮೈಕ್ರಾನ್ ದಪ್ಪ, ತಲಿಗೂದಲಿನ ಅರ್ಧದಷ್ಟು. ಹುಡುಗ್ರು ಅದರ ಮ್ಯಾಲ ಅಳಿಸಲಾರದ ಮಾರ್ಕರಿನಿಂದ ಗೀರು ಬರೀತಾರ, ಇಲ್ಲಾ ಲೇಸರ್ ಪ್ರಿಂಟ್ ತಗದು ಇಸ್ತ್ರಿ ಒತ್ತಿ ಅಂಟಸ್ತಾರ. ಆಮ್ಯಾಲ ಫೆರಿಕ್ ಕ್ಲೋರೈಡ್ ನೀರಾಗ ಬಿಡೋದು. ಶಾಯಿ ಇದ್ದಲ್ಲಿ ತಾಮ್ರ ಉಳೀತೈತಿ, ಇಲ್ಲದಲ್ಲಿ ಕರಗಿ ಹೋಗ್ತೈತಿ.

ಕಾಕಾ: ಬೇಕಾದ್ದು ಉಳಿಸಿ ಬ್ಯಾಡಾದ್ದು ತಗಿಯೋದು. ಚಾಟ್ನಿ ಮಾಡಿದಂಗ.

ಮಗಳು: ಅಗದೀ ಹಂಗ. ಮೊದ್ಲಿನ ರೇಡಿಯೋದಾಗ ಇಂಥ ಹಲಗಿ ಇರ್ಲಿಲ್ರಿ. ಒಂದೊಂದು ಬಿಡಿಭಾಗಕ್ಕೂ ವೈರ್ ಎಳದು ಕೈಲೆ ಬೆಸಿಗಿ ಹಾಕ್ತಿದ್ರು. ವಿಯೆನ್ನಾದಾಗ ಪಾಲ್ ಐಸ್ಲರ್ ಅಂತ ಒಬ್ಬ ಎಂಜಿನಿಯರ್ ಇದ್ದ, ಛಾಪಖಾನಿ ಕೆಲಸ ಬಲ್ಲಾಂವ. ಯಹೂದಿ ಆಗಿದ್ದಕ್ಕ ಅಲ್ಲಿ ಬಾಳೇವು ಕಷ್ಟ ಆಗಿ 1936ರಾಗ ಲಂಡನ್‌ಗೆ ಬಂದ. ಅಕ್ಷರ ಅಚ್ಚು ಹಾಕಿದಂಗ ಕರೆಂಟಿನ ದಾರೀನೂ ಯಾಕ ಅಚ್ಚು ಹಾಕಬಾರದು ಅಂತ ಅವನ ವಿಚಾರ. ಹಂಗ ಮಾಡಿದ ರೇಡಿಯೋ ತಗೊಂಡು ಅಡ್ಡಾಡಿದ, ಮೊದಮೊದಲು ಯಾರೂ ಕಿವೀಗೆ ಹಾಕ್ಕೊಳ್ಳಲಿಲ್ಲ. 1943ರಾಗ ಪೇಟೆಂಟಿಗೆ ಅರ್ಜಿ ಹಾಕಿದ. ಈಗ ನಿಮ್ಮ ಕಿಸೇದಾಗಿನ ಫೋನಿನ ತನಕ ಅದರದ ಸಂತತಿ.

ಕಾಕಾ: ಆತಲ್ಲ ಮತ್ತ. ಈಗೆಲ್ಲ ಫ್ಯಾಕ್ಟರ್‍ಯಾಗ ಆಗೋ ಕೆಲಸ. ಸಣ್ಣ ಹುಡುಗ್ರ ಕೈಲೆ ಯಾಕ ಮಾಡಸ್ತಿ?

ಮಗಳು: ಈ ಮಾತು ನಾನೂ ಎರಡು ವರ್ಷ ತಲ್ಯಾಗ ಹೊತ್ತುಕೊಂಡು ಅಡ್ಡಾಡೀನಿ. ನಂಜನಗೂಡಿನಾಗ ಆಸ್ಟ್ರಿಯಾದ ಎಟಿ ಆ್ಯಂಡ್ ಎಸ್ ಕಂಪನಿ 1999ರಿಂದ ಇಂಥ ಹಲಗಿ ತಯಾರು ಮಾಡ್ತೈತಿ, ಅದಕ್ಕೂ ಮೊದ್ಲು ಅದು ಇಂಡಾಲ್ ಎಲೆಕ್ಟ್ರಾನಿಕ್ಸ್ ಇತ್ತು. ಇಂಥ ದೊಡ್ಡ ಕಾರಖಾನ್ಯಾಗ ಯಾರೂ ರಸಾಯನ ಮುಟ್ಟಂಗಿಲ್ಲ. ಮುಚ್ಚಿದ ಮಶೀನಿನೊಳಗ ಹಲಗಿ ಉರುಳಿಗಳ ಮ್ಯಾಲ ಸರಕೋತ ಹೋಗ್ತೈತಿ, ಮ್ಯಾಲ ಕೆಳಗ ಪಿಚಕಾರಿ ಹೊಡದು ತಾಮ್ರ ತಿನ್ನಿಸ್ತಾರ. ಚಿತ್ರ ಕಳಿಸಿದ್ರ ಹಲಗಿ ಮಾಡಿ ಮನಿಗೆ ಕಳಸೋ ಮಂದೀನೂ ಅದಾರ. ಆದ್ರ ಕಾಕಾ, ಹುಡುಗ ಒಂದು ಗೀರು ಭಾಳ ಸಣ್ಣ ಬರದಿರ್ತಾನ, ಅದು ಕಣ್ಣ ಮುಂದನ ಕರಗಿ ತುಂಡಾಗೋದು ನೋಡ್ತಾನ. ಆ ಒಂದು ಗೀರು ಕಲಿಸಿದ್ದು ನಾ ಹತ್ತು ಸಲ ಬೋರ್ಡ್ ಮ್ಯಾಲ ಬರದ್ರೂ ತಲಿಗೆ ಇಳಿಯಂಗಿಲ್ಲ. ಹಿಂಗಾಗಿ ಎಚಿಂಗ್ ಬಿಡಬಾರದು, ಹುಡುಗ್ರ ಕೈ ಸುಡಲೂಬಾರದು ಅಂತ ನಿಶ್ಚಯ ಮಾಡಿದೆ.

ಕಾಕಾ: ಸುಡ್ತೈತೇನದು?

ಮಗಳು: ನಾ ಕಲಿಯೋ ಮುಂದ ಒಂದು ಲ್ಯಾಬಿನಾಗ ನಡದದ್ದು ಹೇಳ್ತೀನಿ ಕೇಳ್ರಿ. ಫೆರಿಕ್ ಕ್ಲೋರೈಡ್ ಪುಡಿ ಬಕೀಟಿಗೆ ಸುರುವಿ ಅದರ ಮ್ಯಾಲ ನೀರು ಹೊಯ್ದ್ರು. ಹೊಯ್ಯಬಾರದು ಹಂಗ. ನೀರು ಮೊದ್ಲು, ಪುಡಿ ಆಮ್ಯಾಲ, ಅದೂ ಚಮಚ ಚಮಚ. ನೀರು ಬಿದ್ದ ಕೂಡಲೇ ಅದು ಭುಸ್ ಅಂತ ಕುದೀತು. ಘಾಟು ಮೂಗಿಗೆ ಬಡದು ಎಲ್ಲಾರೂ ಹೊರಗ ಓಡಿದ್ವಿ. ಆಮ್ಯಾಲ ಅದನ್ನ ಅಗಲ ತಾಟಿನಾಗ ಹಾಕಿ, ನಾಕು ಮಂದಿ ನಾಕು ಮೂಲಿ ಹಿಡದು ಅಲುಗಾಡಿಸ್ತಾ ಕೂತ್ವಿ. ಕೈಗವಸು ಎರಡ ಜೋಡಿ, ನಾವು ಹದಿನೆಂಟು ಮಂದಿ. ನನ್ನ ಗೆಳತಿ ಇಕ್ಕಳದಿಂದ ಹಲಗಿ ಎತ್ತೋ ಮುಂದ ಅದು ಜಾರಿ ತಿರುಗಿ ಬಿತ್ತು, ಒಂದು ಹನಿ ಅವಳ ಕಣ್ಣಿನ ರೆಪ್ಪಿಗೆ ಸಿಡೀತು. ಕಣ್ಣೊಳಗ ಹೋಗಿದ್ರ? ನಲ್ಲಿ ಇದ್ದದ್ದು ವರಾಂಡದ ಕಡೀಗೆ. ಕೈ ಹಿಡಕೊಂಡು ಓಡಿಸಿಕೊಂಡು ಹೋದೆ. ದೇವರ ದಯೆ, ಉಳಕೊಂಡಳು. ಆ ಹಳದಿ ಕಲೆ ಮಾತ್ರ ಅವಳ ದುಪಟ್ಟಾದ ಮ್ಯಾಲ ಹಂಗ ಉಳೀತು.

ಕಾಕಾ: ಕಣ್ಣಿನ ಮಾತು ಬ್ಯಾರೆ ನೋಡು. ನಾನೂ ಈಗ ಚಷ್ಮಾ ಇಲ್ಲದ ಔಷಧಿ ಕಲಸಂಗಿಲ್ಲ.

ಮಗಳು: ಹೂಂ, ಬಂದ ಕೂಡಲೇ ನೋಡಿದೆ. ಸಮಾಧಾನ ಆತು.

ಕಾಕಾ: ಈಗ ನೀ ಏನು ಮಾಡೀದಿ?

ಮಗಳು: ಒಂದು ಮಶೀನ್. ದೊಡ್ಡದಲ್ಲ, ನಮ್ಮ ಮನಿ ದೇವರ ಜಗಲಿಯಷ್ಟು. ನಾಕೂ ಕಡೆ ಪಾರದರ್ಶಕ ಅಕ್ರಿಲಿಕ್ ಹಾಳಿ, ಮುಂದ ಒಂದು ಬಾಗಿಲ. ಒಳಗ ಸಾಲಾಗಿ ಮೂರು ಪ್ಲಾಸ್ಟಿಕ್ ಡಬ್ಬಿ, ಕಾಳು ತುಂಬಿಡೋ ಎತ್ತರದವು. ಒಂದರಾಗ ಫೆರಿಕ್ ಕ್ಲೋರೈಡ್, ಎರಡರಾಗ ತೊಳಿಯೋ ನೀರು. ಮೂರಕ್ಕೂ ಕೆಳಗ ಒಂದು ದೊಡ್ಡ ಪ್ಲಾಸ್ಟಿಕ್ ಪರಾತ, ಡಬ್ಬಿ ಒಡದ್ರೂ ಎಲ್ಲಾ ಅದರಾಗ ನಿಲ್ಲಬೇಕು. ಹುಡುಗ ಒಣ ಹಲಗೀನ ಬುಟ್ಟ್ಯಾಗ ಸಿಗಿಸಿ ಬಾಗಿಲ ಹಾಕ್ತಾನ. ಬಾಗಿಲಕ್ಕ ಅಯಸ್ಕಾಂತದ ಸ್ವಿಚ್ ಐತಿ, ಬಾಗಿಲ ಹಾಕದ ಮೋಟರ್ ತಿರುಗಂಗಿಲ್ಲ, ನಡುವ ತಗದ್ರ ಅಲ್ಲೇ ನಿಂತುಬಿಡ್ತೈತಿ. ಮುಂದಿಂದೆಲ್ಲ ಆರ್ಡುಯಿನೋ ಅಂತ ಒಂದು ಸಣ್ಣ ಹಲಗಿ ನೋಡಿಕೊಳ್ತೈತಿ. ಬುಟ್ಟಿ ಕೆಳಗಿಳಿಸು, ಮ್ಯಾಲ ಕೆಳಗ ಆಡಿಸು, ಎತ್ತು, ಹನಿ ಇಳಿಯೋತನಕ ತಡಿ, ಪಕ್ಕದ ನೀರಿಗೆ ಒಯ್ಯಿ.

ಕಾಕಾ: ಬಾವ್ಯಾಗ ಕೊಡ ಬಿಟ್ಟು ಕುಲುಕಿದಂಗ.

ಮಗಳು: ನೋಡ್ರಿ, ನಿಮಗ ಒಂದ ಮಾತಿಗೆ ತಿಳೀತು. ಮೊದ್ಲು ನಾ ಮೀನಿನ ತೊಟ್ಟಿಗೆ ಹಾಕೋ ಗಾಳಿ ಪಂಪ್ ಹಚ್ಚಿ ಗುಳ್ಳಿ ಎಬ್ಬಿಸಿದ್ದೆ. ಭಾಳ ಮಂದಿ ಹಂಗ ಮಾಡ್ತಾರ, ಕೆಲಸಾನೂ ಚುರುಕ ಆಗ್ತೈತಿ. ಆದ್ರ ಗುಳ್ಳಿ ಒಡದಾಗೆಲ್ಲ ಸಣ್ಣ ತುಂತುರು ಹಾರ್ತಿತ್ತು. ಒಂದು ವಾರಕ್ಕ ಮುಚ್ಚಳದ ಒಳಮೈ ಕಂದು ಚುಕ್ಕಿಯಿಂದ ತುಂಬಿತು, ಪಕ್ಕದ ಕಪಾಟಿನ ಸ್ಕ್ರೂಡ್ರೈವರ್‌ಗೆಲ್ಲ ಜಂಗ್ ಹತ್ತಿತು. ಕಬ್ಬಿಣಕ್ಕ ಹಂಗಾದದ್ದು ಹುಡುಗ್ರ ಎದಿಯೊಳಗ ಏನು ಮಾಡೀತು ಅನ್ನಿಸಿ ಪಂಪ್ ತಗದು ಬುಟ್ಟೀನ ಆಡಿಸಾಕ ಚಾಲೂ ಮಾಡಿದೆ. ಮೋಟರ್ ಪೆಟ್ಟಿಗಿ ಹೊರಗ, ಮ್ಯಾಲ ಐತಿ. ಒಳಗ ಹೋಗೋದು ನೈಲಾನ್ ಹಗ್ಗ ಅಷ್ಟ. ಒಂದು ಸಣ್ಣ ಫ್ಯಾನ್ ಒಳಗಿನ ಗಾಳಿ ಕಿಡಕಿ ಹೊರಗ ಹಾಕ್ತೈತಿ.

ಕಾಕಾ: ಕಾಸಬೇಕೇನು ಅದನ್ನ?

ಮಗಳು: 40 ಡಿಗ್ರಿ ಬಿಸಿ ಇದ್ರ ಲಗೂ ಆಗ್ತೈತಿ. ಏಪ್ರಿಲ್ ಮೇದಾಗ ನಮ್ಮ ಸೀಮ್ಯಾಗ ಹೀಟರಿನ ಮಾತ ಇಲ್ಲ, ಬಿಸಿಲ ಸಾಕು. ಚಳಿಗಾಲಕ್ಕ ಡಬ್ಬಿ ಸುತ್ತ ಇನ್ನೊಂದು ನೀರಿನ ಡಬ್ಬಿ ಇಟ್ಟು, ಆ ನೀರಿಗೆ ಮೀನಿನ ತೊಟ್ಟಿ ಹೀಟರ್ ಹಾಕೀನಿ. ಅದು 32, 34ರ ಮ್ಯಾಲ ಏರಂಗಿಲ್ಲ, ಆದ್ರೂ ನಡೀತೈತಿ. ರಸಾಯನದೊಳಗ ಹೀಟರ್ ಇಳಿಸಂಗಿಲ್ಲ. ಗಾಜು ಒಡದ್ರ ಕರೆಂಟ್ ನೇರ ಅದರಾಗ.

ಕಾಕಾ: ಎಲ್ಲಾ ಛಲೋ. ಕರೆಂಟ್ ಹೋದ್ರ?

ಮಗಳು: ಅದ ಪ್ರಶ್ನಿ ಕಾಕಾ! ಮೊದಲನೇ ಮಶೀನ್ ಅಲ್ಲೇ ಸೋತಿತು. ಬುಟ್ಟಿ ಕೆಳಗ ಮುಳುಗಿದಾಗ ಕರೆಂಟ್ ಹೋತು, ಬಂದದ್ದು ಮುಕ್ಕಾಲು ತಾಸಿನ ಮ್ಯಾಲ. ಎತ್ತಿ ನೋಡಿದ್ರ ಬುಟ್ಟ್ಯಾಗಿದ್ದ ಆರೂ ಹುಡುಗ್ರ ಹಲಗಿ ಬೋಳು. ರಸಾಯನ ಶಾಯಿ ಕೆಳಗ ಹೊಕ್ಕು ಬಾಜೂದಿಂದ ಕೊರೀತೈತಿ, ನೀರು ಒಡ್ಡಿನ ಬುಡ ಕೊರದಂಗ. ಒಬ್ಬ ಹುಡುಗಿ ಅಳಾಕ ಚಾಲೂ ಮಾಡಿದ್ಲು. ಅದಕ್ಕಿಂತ ಕೆಟ್ಟದ್ದು ಇನ್ನೊಬ್ಬ ಮಾಡಿದ್ದ. ತನ್ನ ಹಲಗಿ ಉಳಿಸಿಕೊಳ್ಳಾಕ ಬಾಗಿಲ ತಗದು ಬರಿಗೈಯಿಂದ ಹಗ್ಗ ಜಗ್ಗಿದ್ದ. ಮಶೀನ್ ಕೈ ಕೊಟ್ರ ಹುಡುಗ್ರು ತಮ್ಮ ಕೈ ಹಾಕ್ತಾರ ಅಂತ ಅವತ್ತ ತಿಳೀತು. ಅದು ನನ್ನ ತಪ್ಪು, ಅವಂದಲ್ಲ.

ಕಾಕಾ: ಏನು ಮಾಡಿದಿ ಮತ್ತ?

ಮಗಳು: ಅತ್ತ ಹುಡುಗೀನ ದಾರಿ ತೋರಿಸಿದ್ಲು. ಅವರ ಮನಿ ಬಾವೀಗೆ ಗಡಗಡಿ ಐತಂತ. ಹಗ್ಗದ ಆ ತುದಿಗೆ ಭಾರ ಕಟ್ಟಿದ್ರ ಕೊಡ ತಾನಾ ಮ್ಯಾಲ ಬರ್ತೈತಲ್ರೀ ಮೇಡಂ ಅಂದ್ಲು. ಅಷ್ಟ ಬೇಕಾಗಿತ್ತು. ಬುಟ್ಟಿಗಿಂತ ತುಸು ಭಾರದ ಒಂದು ತೂಕ ಹಿಂದ ಕಟ್ಟಿದ್ವಿ. ಮೋಟರಿನ ಕೆಲಸ ಬುಟ್ಟಿ ಎತ್ತೋದಲ್ಲ, ಕೆಳಗ ಜಗ್ಗಿ ಹಿಡಿಯೋದು. ಕರೆಂಟ್ ಹೋತು, ಮೋಟರ್ ಕೈ ಬಿಟ್ಟಿತು, ತೂಕ ಇಳೀತು, ಬುಟ್ಟಿ ಮ್ಯಾಲ ಬಂತು. ಮೊದಲ ಹಚ್ಚಿದ್ದ ಮೋಟರಿನ ಗೇರ್ ಭಾಳ ಬಿಗಿ ಇತ್ತು, ಕರೆಂಟ್ ಇಲ್ಲದಾಗೂ ಹಿಡಕೊಂಡ ನಿಲ್ತಿತ್ತು. ಅದನ್ನ ತಗದು ಸಡ್ಲ ತಿರುಗೋದು ಹಾಕಿದ್ವಿ.

ಕಾಕಾ: ಆ ಹುಡುಗಿ ಶಾಣ್ಯಾ ಅದಾಳ. ಇನ್ನೊಂದು ಕೇಳ್ತೀನಿ. ಕರೆಂಟ್ ತಿರುಗಿ ಬಂತು. ನಿನ್ನ ಮಶೀನ್ ತಾನಾ ಚಾಲೂ ಆಗ್ತೈತೇನು?

ಮಗಳು: ಯಾಕ್ರಿ?

ಕಾಕಾ: ನನ್ನ ಗೆಳ್ಯಾ ಒಬ್ಬ ರಾತ್ರಿ ಪಂಪಿನ ಬೆಲ್ಟ್ ಸರಿ ಮಾಡಾಕ ಕೂತಿದ್ದ. ಕರೆಂಟ್ ಇಲ್ಲ ಅಂತ ಧೈರ್ಯ. ಬಟನ್ ಆಟೋದಾಗ ಐತಿ ಅನ್ನೋದು ಮರತಿದ್ದ. ತ್ರೀ ಫೇಸ್ ಬಂದ ಕೂಡಲೇ ಮೋಟರ್ ಎದ್ದಿತು. ಎರಡು ಬೆರಳು ಹೋದವು. ಇವತ್ತಿಗೂ ಅಂವ ಊಟಕ್ಕ ಕೂತಾಗ ನನ್ನ ಕಣ್ಣು ಅವನ ಕೈ ಮ್ಯಾಲ ಹೋಗ್ತೈತಿ.

ಮಗಳು: ನಮ್ಮ ಮಶೀನ್ ತಾನಾ ಏಳಂಗಿಲ್ಲ ಕಾಕಾ. ಕರೆಂಟ್ ಬಂದ್ರ ಕೆಂಪು ದೀಪ ಹತ್ತತೈತಿ ಅಷ್ಟ. ಮಾಸ್ತರು ಬಂದು, ಒಳಗ ನೋಡಿ, ಗುಂಡಿ ಒತ್ತಬೇಕು. ಆದ್ರ ಒಂದು ಮಾತು ಖರೇ ಹೇಳ್ತೀನಿ, ನಾ ಹಂಗ ಮಾಡಿದ್ದು ಹಲಗಿ ಕೆಡಬಾರದು ಅಂತ ಇತ್ತು. ಈ ಬೆರಳಿನ ಮಾತು ಹುಡುಗ್ರಿಗೆ ಹೇಳ್ತೀನಿ. ಯಾಕ ಗುಂಡಿ ಒತ್ತಬೇಕು ಅಂತ ಕೇಳಿದ್ರ ಇನ್ನ ಮುಂದ ಇದ ಉತ್ತರ.

ಕಾಕಾ: ಹೇಳು. ಹೆಸರು ಹೇಳಬ್ಯಾಡ.

(ಆಳೊಬ್ಬ ಸುಣ್ಣದ ಚೀಲ ತಂದು ಇಳಿಸಿ ಹೋಗುತ್ತಾನೆ. ಕಾಕಾ ಒಂದು ಬ್ಯಾರೆಲ್‌ನಲ್ಲಿ ನೆನೆಸಿಟ್ಟ ಮೈಲುತುತ್ತದ ಗಂಟನ್ನು ಎತ್ತಿ ನೋಡುತ್ತಾರೆ. ನೀರು ದಟ್ಟ ನೀಲಿಯಾಗಿದೆ.)

ಕಾಕಾ: ಎಲ್ಲಾ ಮಶೀನ್ ಮಾಡಿದ್ರ ಹುಡುಗ ಕಲಿಯೋದೇನು? ನಮ್ಮ ಡ್ರಿಪ್ ನೋಡು. ವಾಲ್ ತಾನಾ ತಗೀತೈತಿ, ತಾನಾ ಮುಚ್ಚತೈತಿ. ನನ್ನ ಮಗ ಮಣ್ಣು ಮುಟ್ಟಿ ನೋಡೋದ ಬಿಟ್ಟಾನ. ಹಸಿ ಐತೋ ಒಣಗೈತೋ ಅವಗ ಫೋನ್ ಹೇಳಬೇಕು.

ಮಗಳು: ಅಲ್ಲಿ ನಾ ಭಾಳ ವಿಚಾರ ಮಾಡೀನಿ. ಹಲಗಿ ಪೂರ್ತಿ ತಿಂದಾತೋ ಇಲ್ಲೋ ಅಂತ ಮಶೀನಿಗೆ ತಿಳಿಸಾಕ ಬರ್ತೈತಿ. ಹಲಗಿ ಗಾಜಿನ ನಾರಿಂದು, ತಾಮ್ರ ಹೋದ ಮ್ಯಾಲ ಬೆಳಕು ಪಾರ ಆಗ್ತೈತಿ. ಒಂದ ಕಡೆ ಎಲ್ಇಡಿ, ಇನ್ನೊಂದ ಕಡೆ ಬೆಳಕಿನ ಸೆನ್ಸರ್ ಇಟ್ರ ಲೆಕ್ಕಾ ಹೇಳ್ತೈತಿ. ಇಟ್ಟಿದ್ದೆ. ಆಮ್ಯಾಲ ಕಿತ್ತು ಹಾಕಿದೆ.

ಕಾಕಾ: ಯಾಕ?

ಮಗಳು: ಹುಡುಗ್ರು ಗುಂಡಿ ಒತ್ತಿ ಹೊರಗ ಹೋಗಿ ಫೋನ್ ನೋಡಾಕ ಹತ್ತಿದ್ರು. ಮಶೀನಿನ ಸಿಳ್ಳು ಕೇಳಿದ್ರ ಬರೋದು, ಹಲಗಿ ತಗೊಂಡು ಹೋಗೋದು. ಈಗ ಮಶೀನ್ ಎರಡು ನಿಮಿಷಕ್ಕೊಮ್ಮೆ ಬುಟ್ಟಿ ಎತ್ತಿ, ತೊಳದು, ಕಿಡಕಿ ಮುಂದ ತಂದು ನಿಲ್ಲಸ್ತೈತಿ. ಹಿಂದ ಒಂದು ಬಿಳೀ ದೀಪ. ಹುಡುಗ ಬಗ್ಗಿ ನೋಡಬೇಕು, ಸಾಕೋ ಇನ್ನೂ ಬೇಕೋ ಅಂವನ ಹೇಳಬೇಕು. ಹೇಳದಿದ್ರ ಅದು ಅಲ್ಲೇ ನಿಂತಿರ್ತೈತಿ, ಮುಳುಗಂಗಿಲ್ಲ. ಮೊದಲನೇ ಸಲ ಎತ್ತಿದಾಗ ತಾಮ್ರ ಹೊಳಪು ಕಳಕೊಂಡು ಗುಲಾಬಿ ಬಣ್ಣಕ್ಕ ತಿರುಗಿರ್ತೈತಿ. ಮೂರನೇ ಸಲಕ್ಕ ಅಂಚಿನಾಗ ಬೆಳಕು ಕಾಣ್ತೈತಿ, ಅಂಚ ಮೊದ್ಲು ಕರಗೋದು. ಆಮ್ಯಾಲ ನಡುವ ಒಂದು ದ್ವೀಪ ಉಳದಿರ್ತೈತಿ, ಮಸುಕ ಮಸುಕ. ಅದು ಹೋಗೋತನಕ ಕಾಯಬೇಕು, ಆದ್ರ ಸಣ್ಣ ಗೀರು ಸಾಯೋದ್ರೊಳಗ ತಗೀಬೇಕು. ಅಲ್ಲಿ ಹುಡುಗ್ರು ಉಸಿರು ಹಿಡಕೊಂಡು ನಿಂತಿರ್ತಾರ ಕಾಕಾ. ಅದನ್ನ ನಾ ಸೆನ್ಸರಿಗೆ ಯಾಕ ಕೊಡ್ಲಿ? ರಸಾಯನದಾಗಿಂದ ಕೈ ತಗೀಬೇಕು, ಕೆಲಸದಾಗಿಂದ ಕಣ್ಣು ತಗೀಬಾರದು.

ಕಾಕಾ: ಹಂಗಾದ್ರ ಸರಿ. ನಮ್ಮ ಊರ ಸಾಲಿಗೂ ಒಂದು ಮಾಡಿಕೊಡು.

ಮಗಳು: ಇಲ್ರಿ, ಸಾಲಿ ಮಕ್ಕಳಿಗೆ ನಾ ಕೊಡಂಗಿಲ್ಲ. 2016ರಿಂದ ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬ್ ಬಂದಾವ, 6ನೇ ಇಯತ್ತೆಯಿಂದ 12ರ ತನಕ, ಒಂದೊಂದು ಸಾಲಿಗೆ 20 ಲಕ್ಷ ರೂಪಾಯಿ. ಅಲ್ಲಿ 3ಡಿ ಪ್ರಿಂಟರ್ ಬರ್ತೈತಿ, ಅದರಾಗ ಈ ಬುಟ್ಟಿ, ಗಡಗಡಿ ಮಾಡ್ಲಿ, ಭಾರ ಕಟ್ಟಿ ನೀರಾಗ ಆಡಿಸಿ ನೋಡ್ಲಿ, ಪ್ರೋಗ್ರಾಂ ಬರೀಲಿ. ಬರೇ ನೀರು, ರಸಾಯನ ಬ್ಯಾಡ. ಸರ್ಕೀಟ್ ಬೇಕಂದ್ರ ರಟ್ಟಿನ ಮ್ಯಾಲ ತಾಮ್ರದ ಪಟ್ಟಿ ಅಂಟಿಸಿ ಮಾಡ್ಲಿ. ಹತ್ತು ಹನ್ನೆರಡು ವರ್ಷದ ಹುಡುಗಗ ಎಚಿಂಗ್‌ನ ಅವಸರ ಇಲ್ಲ. ಅದಕ್ಕಿಂತ ಹೆದರಿಕಿ ಅಂದ್ರ ಮೊಬೈಲಿನಾಗ ನೋಡಿ ಮನ್ಯಾಗ ಮಾಡೋರದು. ಪಾಯಖಾನಿ ತೊಳಿಯೋ ಆ್ಯಸಿಡ್, ಅದಕ್ಕ ಹೈಡ್ರೋಜನ್ ಪೆರಾಕ್ಸೈಡ್ ಕೂಡಿಸ್ತಾರ. ಎರಡು ನಿಮಿಷಕ್ಕ ತಾಮ್ರ ಮಾಯ, ಅಗ್ಗನೂ ಹೌದು. ಆದ್ರ ಕ್ಲೋರಿನ್ ಏಳ್ತೈತಿ ಅದರಿಂದ. ಮುಚ್ಚಿದ ಕ್ವಾಣ್ಯಾಗ ಅದು ಉಸಿರನ ಕಟ್ಟಸ್ತೈತಿ.

ಕಾಕಾ: ದ್ರಾಕ್ಷಿ ಒಣಗಿಸೋ ಮಣೂಕದ ಶೆಡ್ಡಿನಾಗ ಗಂಧಕದ ಹೊಗಿ ಹಾಕಿದಾಗ ಒಳಗ ನಿಂತಂಗ. ಬಣ್ಣ ಬರಲಿ ಅಂತ ಹಾಕ್ತೀವಿ, ಹಾಕಿ ಹೊರಗ ಬಂದುಬಿಡ್ತೀವಿ. ನಿಂತಾಂವಗ ಗೊತ್ತು ಅದರ ರುಚಿ.

ಮಗಳು: ಅದ ಜಾತಿ.

ಕಾಕಾ: ಬಾಟ್ಲಿ ಮಾತು ಉಳೀತು. ನಿಮ್ಮ ಮಶೀನ್ ಹುಡುಗನ ಕೈ ಉಳಿಸ್ತು, ಒಪ್ಪಿದೆ. ನೀರು ಎಲ್ಲಿ ಚೆಲ್ತೀರಿ?

ಮಗಳು: ಅದಕ್ಕ ಬಂದೀನಿ. ನಾ ಕಲಿಯೋ ಮುಂದ ಬಚ್ಚಲಕ್ಕ ಹೊಯ್ಯೋದು ರೂಢಿ ಇತ್ತು. ಸಿಂಕಿನ ಕೆಳಗಿನ ಕಬ್ಬಿಣದ ಪೈಪ್ ತೂತು ಬಿದ್ದಿತ್ತು, ಯಾಕಂತ ಯಾರೂ ಕೇಳಲಿಲ್ಲ. ಈ ಕಡೆಗಿನ ಮಂದಿಗೆ ನೀರಿನ ಬೆಲಿ ಗೊತ್ತು. ತುಬಚಿ-ಬಬಲೇಶ್ವರ ಏತ ನೀರಾವರಿ ಬರೋದ್ರೊಳಗ ನೀವು ಟ್ಯಾಂಕರ್ ಕೊಂಡು ಬಳ್ಳಿ ಉಳಿಸಿದ್ದು ನಾ ಸಣ್ಣಾಕಿ ಇದ್ದಾಗ ನೋಡೀನಿ. ಆ ನೀರಿಗೆ ತಾಮ್ರ ಬಿಡೋದು ಅಂದ್ರ ನನಗ ಮನಸ್ಸು ಒಪ್ಪಂಗಿಲ್ಲ. ತಾಮ್ರ ಮೀನಿಗೆ ಭಾಳ ವಿಷ, ಚೂರ ಇದ್ರೂ ಸಾಕು. ಎಷ್ಟು ತಾಮ್ರ ಅಂತ ಹುಡುಗ್ರ ಕಡೆಯಿಂದನ ಲೆಕ್ಕಾ ಹಾಕಿಸಿದೆ. ಹತ್ತು ಸೆಂಟಿಮೀಟರ್ ಉದ್ದ, ಐದು ಅಗಲದ ಹಲಗಿ ಮ್ಯಾಲ ಒಂದೂವರೆ ಗ್ರಾಂ ತಾಮ್ರ ಇರ್ತೈತಿ. ಅದರಾಗ ಮೂರರಾಗ ಎರಡು ಪಾಲು ಕರಗಿತು ಅಂದ್ರ ಒಂದು ಗ್ರಾಂ. ಮೂವತ್ತು ಹುಡುಗ್ರಿಗೆ ಮೂವತ್ತು ಗ್ರಾಂ.

ಕಾಕಾ: ಅಷ್ಟ ಏನು? ಈ ಬ್ಯಾರೆಲ್‌ಗೆ ನಾ ಒಂದು ಕೆ.ಜಿ. ಮೈಲುತುತ್ತ ಹಾಕೀನಿ. ಒಂದು ಕೆ.ಜಿ. ಸುಣ್ಣ, ನೂರು ಲೀಟರ್ ನೀರು. ಅದರಾಗ ತಾಮ್ರ ಎಷ್ಟು?

ಮಗಳು: ಕಾಲು ಕೆ.ಜಿ.ಗಿಂತ ತುಸು ಹೆಚ್ಚ.

ಕಾಕಾ: ನಿನ್ನ ಇಡೀ ಕ್ಲಾಸಿನ ಎಂಟು ಪಟ್ಟು. ನಾ ಅದನ್ನ ತೋಟಕ್ಕ ಹೊಡೀತೀನಿ. ಯಾರೂ ನನಗ ಏನೂ ಅಂದಿಲ್ಲ.

ಮಗಳು: ಅನ್ನಾಕ ಹತ್ಯಾರ ಕಾಕಾ. ನೀವು ಕಲಸೋ ಈ ಬೋರ್ಡೋ ದ್ರಾವಣ ಹುಟ್ಟಿದ್ದ ಫ್ರಾನ್ಸಿನಾಗ. ದಾರಿ ಬದಿ ಬಳ್ಳಿಯ ದ್ರಾಕ್ಷಿ ಕದಿಯೋರು ಹೆದರಲಿ ಅಂತ ಅಲ್ಲಿ ರೈತರು ಮೈಲುತುತ್ತ, ಸುಣ್ಣ ಎರಚಿರತಿದ್ರು. ಆ ಬಳ್ಳಿಗೋಳಿಗೆ ಮಾತ್ರ ಡೌನಿ ರೋಗ ಬರಲಿಲ್ಲ ಅನ್ನೋದು ಮಿಲಾರ್ಡೆ ಅನ್ನೋ ಪ್ರೊಫೆಸರ್ ಕಣ್ಣಿಗೆ ಬಿತ್ತು, 1885ರಾಗ ಜಗತ್ತಿಗೆ ಹೇಳಿದ. ನೂರು ವರ್ಷದ ಮ್ಯಾಲ ಹೊಡದು ಹೊಡದು ಅಲ್ಲಿ ಮಣ್ಣಾಗ ತಾಮ್ರ ಕೂತುಬಿಟ್ಟೈತಿ. 2019ರಿಂದ ಯುರೋಪಿನಾಗ ಏಳು ವರ್ಷಕ್ಕ ಹೆಕ್ಟೇರಿಗೆ 28 ಕೆ.ಜಿ. ತಾಮ್ರದ ಮ್ಯಾಲ ಹೊಡಿಯಂಗಿಲ್ಲ. ನಿಮ್ಮದು ಸುಣ್ಣದ ಕೂಡ ಕಟ್ಟುಬಿದ್ದ ತಾಮ್ರ, ಎಕರೆಗಟ್ಟಲೆ ಹರಡಿ ಬೀಳ್ತೈತಿ. ನಮ್ಮದು ಆಮ್ಲದಾಗ ಕರಗಿದ್ದು, ಒಂದ ಬಚ್ಚಲದಾಗ ಬೀಳ್ತೈತಿ. ತೂಕ ಸಣ್ಣದಿದ್ರೂ ಗುಣ ಬ್ಯಾರೆ.

ಕಾಕಾ: ಹೂಂ. ಕಟ್ಟುಬಿದ್ದದ್ದು, ಬಿಡಾಡಿ. ಈ ಮಾತು ಒಪ್ಪಿದೆ. ನಾವೂ ಸುಣ್ಣ ಕಡಿಮಿ ಹಾಕಿದ್ರ ಎಲಿ ಸುಡ್ತಾವ.

ಮಗಳು: ಈಗ ಒಂದು ಲೀಟರ್ ದ್ರಾವಣ ಇಡೀ ಕ್ಲಾಸಿಗೆ ಸಾಕಾಗ್ತೈತಿ. ಮುಚ್ಚಿಟ್ರ ಮುಂದಿನ ಬ್ಯಾಚಿಗೂ ಬರ್ತೈತಿ. ಕಂದು ಇದ್ದದ್ದು ಕಡುಹಸರು ಆಗಿ ಕೆಲಸ ನಿಂತಾಗ ತಗೀತೀವಿ. ತೊಳದ ನೀರನ್ನೂ ಚೆಲ್ಲಂಗಿಲ್ಲ, ಅದನ್ನೂ ಇದಕ್ಕ ಕೂಡಸ್ತೀವಿ. ಆಮ್ಯಾಲ ವಾಷಿಂಗ್ ಸೋಡಾ ತುಸು ತುಸು ಹಾಕ್ತೀವಿ. ನೊರಿ ಉಕ್ಕತೈತಿ, ಅದಕ್ಕ ದೊಡ್ಡ ಬಕೀಟು ಬೇಕು. ಕಬ್ಬಿಣ ಕಂದು ರಾಡಿ ಆಗಿ ಕೆಳಗ ಕೂಡ್ತೈತಿ, ಅದರ ಬೆನ್ನಿಗೆ ತಾಮ್ರ ಹಸರು-ನೀಲಿ ರಾಡಿ. ಲಿಟ್ಮಸ್ ಕಾಗದ ಅದ್ದಿ ನೋಡಿ, ಆಮ್ಲ ಹೋತು ಅನ್ನಿಸಿದಾಗ ನಿಲ್ಲಿಸ್ತೀವಿ. ಮ್ಯಾಲಿನ ತಿಳಿ ನೀರು ಇದು. ನನಗ ಅನುಮಾನ ಇದರ ಮ್ಯಾಲನ. ಬೆಳಕಿಗೆ ಹಿಡದು ನೋಡ್ರಿ, ಒಂದು ಚೂರು ನೀಲಿ ಛಾಯೆ ಕಾಣಂಗಿಲ್ಲ?

ಕಾಕಾ: ಕಾಣ್ತೈತಿ. ಕಾಗದದ ಮ್ಯಾಲ ನಂಬಿಕಿ ಇಟ್ಟೀದಿ ನೀನು. ಬಾ ಇಲ್ಲಿ. ಕೈಗವಸು ಹಾಕ್ಕೋ.

(ಕಾಕಾ ಮೈಲುತುತ್ತದ ಬ್ಯಾರೆಲ್, ಸುಣ್ಣ ಕಲಸಿದ ಬ್ಯಾರೆಲ್ ಎರಡರ ನೀರನ್ನೂ ಮೂರನೆಯದಕ್ಕೆ ಒಟ್ಟಿಗೆ ಸುರಿದು ಕೋಲಿನಿಂದ ತಿರುಗಿಸುತ್ತಾರೆ. ನೀಲಿ ಹಾಲಿನಂಥ ದ್ರವ. ಕುಡಗೋಲಿನ ತುದಿಯನ್ನು ಕಲ್ಲಿಗೆ ತಿಕ್ಕಿ, ಹೊಳಪು ಬರಿಸಿ, ಅದರಲ್ಲಿ ಅದ್ದುತ್ತಾರೆ.)

ಕಾಕಾ: ಒಂದು ನಿಮಿಷ ಎಣಸು. ಈಗ ನೋಡು, ತುದಿಗೆ ಏನರೆ ಹತ್ತೇತೇನು?

ಮಗಳು: ಕೆಂಪಗ... ಭಾಳ ತೆಳ್ಳಗ.

ಕಾಕಾ: ಅದ ತಾಮ್ರ. ಸುಣ್ಣ ಕಡಿಮಿ ಆಗೇತಿ ಅಂತ ಅರ್ಥ. ಬಿಡಾಡಿ ತಾಮ್ರ ಇದ್ರ ಕಬ್ಬಿಣದ ಮ್ಯಾಲ ಬಂದು ಕೂಡ್ತೈತಿ. ನಮ್ಮಪ್ಪ ಕಲಿಸಿದ್ದು ನನಗ. ಇನ್ನೊಂದಿಷ್ಟು ಸುಣ್ಣದ ತಿಳಿ ಹಾಕು. ಹಾಂ, ತಿರುಗಿಸು. ಕುಡಗೋಲು ತಿಕ್ಕಿ ಮತ್ತ ಅದ್ದು.

ಮಗಳು: ಏನೂ ಹತ್ತಿಲ್ಲ. ಬೆಳ್ಳಗ ಐತಿ.

ಕಾಕಾ: ಈಗ ಬಳ್ಳಿಗೆ ಹೊಡಿಯಾಕ ಯೋಗ್ಯ.

ಮಗಳು: ಕಾಕಾ, ಕಬ್ಬಿಣ ಕರಗಿ ತಾಮ್ರಕ್ಕ ಜಾಗ ಬಿಟ್ಟುಕೊಡ್ತೈತಿ ಅಂತ ನಾ ಪುಸ್ತಕದಾಗ ಓದಿ, ಪರೀಕ್ಷೆ ಬರದು, ಹುಡುಗ್ರಿಗೂ ಬರಸೀನಿ. ನಮ್ಮ ತೋಟದಾಗ ಮೂರು ತಲಿಯಿಂದ ಅದನ್ನ ನಡಸಾಕತ್ತೀರಿ ಅಂತ ಇವತ್ತ ಗೊತ್ತಾತು. ನಮ್ಮಪ್ಪ ನನಗ ಯಾಕ ತೋರಿಸ್ಲಿಲ್ಲ?

ಕಾಕಾ: ಹೆಣ್ಣ ಹುಡುಗಿ, ಸಾಲಿ ಕಲೀಲಿ, ಔಷಧಿ ಹತ್ರ ಬ್ಯಾಡ ಅಂತಿದ್ದ. ನಾವೂ ಹಂಗ ದೂರ ಇಟ್ವಿ. ತಪ್ಪಾತು ಅನ್ನು.

ಮಗಳು: ಹಂಗನ್ನಬ್ಯಾಡ್ರಿ. ಲ್ಯಾಬಿನಾಗ ಒಂದು ಎಚ್ಚರ ಇಟ್ಕೋಬೇಕು. ಸೋಡಾ ಹಾಕೋದ್ರೊಳಗ ಕುಡಗೋಲು ಅದ್ದಿದ್ರ ಫೆರಿಕ್ ಕ್ಲೋರೈಡ್ ಕಬ್ಬಿಣಾನ ತಿಂದುಬಿಡ್ತೈತಿ, ಪರೀಕ್ಷೆ ಸುಳ್ಳು ಹೇಳ್ತೈತಿ. ಕಂದು ರಾಡಿ ಪೂರ್ತಿ ಕೂತು ತಿಳಿ ಬಿಟ್ಟ ಮ್ಯಾಲನ ಅದ್ದಬೇಕು. ಮಶೀನಿಗೆ ನಾಕನೇ ಡಬ್ಬಿ ಕೂಡಸ್ತೀನಿ ನಾ, ರಾಡಿ ಕೂರಿಸೋ ಡಬ್ಬಿ. ಅದೇ ಮೋಟರ್ ಸೋಡಾ ತಿರುವಲಿ, ರಾತ್ರಿ ಕೂತು ತಿಳಿ ಬಿಡಲಿ. ಮುಂಜಾನೆ ಒಬ್ಬ ಹುಡುಗ ಮೊಳಿ ಅದ್ದಿ ನೋಡಿ ವಹಿಯಾಗ ಬರೀಬೇಕು: ಕೆಂಪೋ, ಬಿಳಿಯೋ.

ಕಾಕಾ: ರಾಡಿ ನನಗ ಕೊಡು, ಬಳ್ಳಿ ಬುಡಕ್ಕ ಹಾಕ್ತೀನಿ. ತಾಮ್ರ ಸುಮ್ಮನ ಯಾಕ ಹಾಳು?

ಮಗಳು: ಬ್ಯಾಡ್ರಿ, ಖಂಡಿತ ಬ್ಯಾಡ. ಅದರಾಗ ಉಪ್ಪು ಐತಿ, ಶಾಯಿ ಐತಿ. ಬಳ್ಳಿಗೆ ಉಪ್ಪು ಆಗಿ ಬರಂಗಿಲ್ಲ ಅಂತ ನೀವ ಹೇಳ್ತಿರ್ತೀರಿ. ಒಣಗಿಸಿ, ಡಬ್ಬಿಗೆ ತುಂಬಿ, ತಾರೀಖು ಬರದು ಕಪಾಟಿನಾಗ ಇಡ್ತೀವಿ. ವರ್ಷಕ್ಕ ಒಂದ ಡಬ್ಬಿ ಆದೀತು. ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿಗಿ ಇದ್ದವರಿಗೆ ಕೊಟ್ಟು ರಸೀದಿ ಇಸ್ಕೋತೀವಿ.

ಕಾಕಾ: ಬಾಟ್ಲಿ ತಾ. ನಿನ್ನ ನೀರಿಗೂ ನೋಡೋಣು.

(ಮಗಳು ಒಂದು ಹಳೆಯ ಪ್ಲಾಸ್ಟಿಕ್ ಲೋಟದಲ್ಲಿ ಬಾಟ್ಲಿಯ ನೀರು ಹಾಕಿ ಕಟ್ಟೆಯ ಮೇಲಿಡುತ್ತಾಳೆ. ಕಾಕಾ ಕುಡಗೋಲನ್ನು ಮತ್ತೆ ಕಲ್ಲಿಗೆ ತಿಕ್ಕಿ ಅವಳ ಕೈಗೆ ಕೊಡುತ್ತಾರೆ. ಇಬ್ಬರೂ ಬಗ್ಗಿ ನೋಡುತ್ತಾರೆ.)

ಮಗಳು: ಅರವತ್ತು ಎಣಿಸೋದ್ರೊಳಗನ ಹತ್ತೇತಿ. ನಿಮ್ಮದಕ್ಕಿಂತ ದಪ್ಪ ಐತಿ ಕಾಕಾ. ಇಷ್ಟು ದಿನ ಇದನ್ನ ಸ್ವಚ್ಛ ನೀರು ಅಂತ ಹೊರಗ ಬಿಡ್ತಿದ್ದೆ ನಾ.

ಕಾಕಾ: ಗೊತ್ತಾತಲ್ಲ ಈಗ. ಸುಣ್ಣ ಹಾಕು.

ಮಗಳು: ಒಂದು ಚಮಚ... ನೀಲಿ ಮೋಡ ಕಟ್ಟಿತು ನೋಡ್ರಿ. ಇಳೀಲಿ. ತಿಕ್ಕಿ ಕೊಡ್ರಿ ಇನ್ನೊಮ್ಮೆ.

ಕಾಕಾ: ಹಿಡಿ.

ಮಗಳು: ಇನ್ನೂ ಚೂರು ಕೆಂಪು ಐತಿ.

ಕಾಕಾ: ಇನ್ನೊಂದು ಚಿಟಿಕಿ ಹಾಕು. ಅವಸರ ಏನೈತಿ, ಔಷಧಿ ಹೊಡಿಯೋ ಬ್ಲೋವರ್ ಬರಾಕ ಇನ್ನೂ ತಾಸು ಐತಿ.